ಬೆರಳಚ್ಚು

ನವೆಂಬರ್ ಬಂತೆಂದರೆ ಬದುಕಿರುವವರೆಲ್ಲ
ಬದುಕಿದ್ದೇವೆಂದು ತೋರಿಸಲು ಬರುತ್ತಾರೆ
ಕುಂಬಳೆಯ ನಮ್ಮ ಅಕ್ಷಯ ಕೇಂದ್ರಕ್ಕೆ.
ಫಾರಂ ಮಲಯಾಳದಲ್ಲಿ, ಪ್ರಶ್ನೆ ಕನ್ನಡದಲ್ಲಿ,
ಉತ್ತರ ಹೆಚ್ಚಾಗಿ ತುಳುವಿನಲ್ಲಿ.

ಕೊಯಿಪಾಡಿ ಕಡಪ್ಪುರದ ದೂಮಪ್ಪಣ್ಣ
ಕೊಡೆಯನ್ನು ಬಾಗಿಲ ಚಿಲಕಕ್ಕೆ ಸಿಕ್ಕಿಸಿ ಕೂತರು.
ಹೆಬ್ಬೆರಳು ಇಟ್ಟರು. ಕೆಂಪು ದೀಪ.
ತೋರುಬೆರಳು. ಕೆಂಪು.
ಪಂಚೆಗೆ ಒರೆಸಿ, ಉಫ್ ಎಂದು ಊದಿ, ಮತ್ತೆ. ಕೆಂಪು.
ಹತ್ತೂ ಮುಗಿದ ಮೇಲೆ ನಾನೆಂದೆ:
"ಅಣ್ಣಾ, ನಿಮ್ಮ ಬೆರಳಲ್ಲಿ ಗೆರೆಯೇ ಇಲ್ಲವಲ್ಲ."
"ಅದು ಹಡಗಿನಲ್ಲಿ ಉಳೀತು" ಎಂದರು,
ಬಸ್ಸಿನಲ್ಲಿ ಚೀಲ ಬಿಟ್ಟು ಬಂದವರ ಹಾಗೆ.

ಯಾವ ಹಡಗು, ಕೇಳಿದೆ.
ಸರ್ವರ್ ಹೇಗೂ ಸುತ್ತುತ್ತಿತ್ತು.

ಎಪ್ಪತ್ತೊಂದರ ಡಿಸೆಂಬರು. ವಿಮಾನ ಹೊತ್ತ ಹಡಗು.
ಕಡಪ್ಪುರದಲ್ಲಿ ಇವತ್ತಿಗೂ ಅವರು ವಿಮಾನದ ದೂಮಪ್ಪ.
"ವಿಮಾನ ನಾನು ಸರಿಯಾಗಿ ಕಂಡದ್ದು ಯುದ್ಧ ಮುಗಿದ ಮೇಲೆ,
ರೆಕ್ಕೆ ಮಡಿಸಿ ನಿಂತಿತ್ತು, ಮಳೆಗೆ ಮುದುಡಿದ ಕೊಕ್ಕರೆ."
ಅವರ ಜಾಗ ತೀರ ಕೆಳಗೆ, ಬಾಯ್ಲರ್ ಕೋಣೆ.
ಸಮುದ್ರ ಇದ್ದದ್ದು ಅವರ ತಲೆಯ ಮೇಲೆ, ಅಟ್ಟದ ಹಾಗೆ.
ಮರಕಾಲನ ಮಗ, ಹನ್ನೊಂದು ದಿನ ನೀರು ನೋಡಲಿಲ್ಲ.

ನಾಲ್ಕರಲ್ಲೊಂದು ಬಾಯ್ಲರಿಗೆ ಬಿರುಕು.
ಉಳಿದ ಮೂರರಲ್ಲೇ ಹಡಗೂ ಓಡಬೇಕು,
ಮೇಲೆ ವಿಮಾನ ಎಸೆಯುವ ಕವಣೆಗೂ ಹಬೆ ಹೋಗಬೇಕು.
ಒಂದು ಹಾರಿದರೆ ಧಡಲ್ಲೆಂದು ಗುದ್ದು;
ಒತ್ತಡದ ಮುಳ್ಳು ಕುಸಿಯುತ್ತದೆ,
ಕೈ ತನ್ನಷ್ಟಕ್ಕೆ ವಾಲ್ವಿಗೆ ಹೋಗುತ್ತದೆ,
ಕೈಗವಸು ಹುಡುಕುವಷ್ಟು ಪುರುಸೊತ್ತು
ಮುಳ್ಳು ಕೊಡುವುದಿಲ್ಲ.

ಮುಳ್ಳು ಕುಸಿದರೆ ಒಂದು ಹೋಯಿತು.
ತಲೆಯ ಮೇಲೆ ಎಳೆದು, ಜಗ್ಗಿ, ನಿಂತ ಸದ್ದಾದರೆ ಒಂದು ಬಂತು.
ಈ ಲೆಕ್ಕ ನೌಕಾದಳ ಕಲಿಸಿದ್ದಲ್ಲ.
ಅವರ ಅಪ್ಪೆ ಬೈಸಾರಿಗೆ ಅಳಿವೆಯ ಬಾಯಲ್ಲಿ ನಿಂತು
ಹೋದ ದೋಣಿಗೆ ಬಂದ ದೋಣಿ ಜೋಡಿಸುತ್ತಿದ್ದಳು,
ಬೆರಳು ಮಡಿಸುತ್ತ, ಬಾಯಿ ಬಿಡದೆ.
ಲೆಕ್ಕ ಕೂಡಿದ ಮೇಲೆಯೇ ಒಲೆಗೆ ಬೆಂಕಿ.

ಒಂದು ಮಧ್ಯಾಹ್ನ ಎಂಟು ಹೋದವು. ಏಳು ಬಂದವು.
ಪಕ್ಕದ ವರ್ಕಿಯನ್ನು ಕೇಳಿದರೆ
"ಎಂಟೂ ಬಂತೆಡಾ, ನೀನು ತೂಕಡಿಸಿದ್ದಿ" ಎಂದ.
ಮೇಲೆ ಹೋಗಿ ನೋಡುವಂತಿಲ್ಲ.
ಬೆಳಿಗ್ಗೆ ಚಹಾದ ಜೊತೆಗೆ ಸುದ್ದಿಯೂ ಇಳಿದು ಬಂತು:
ಎಲ್ಲ ಸುಖರೂಪ.
"ನಾನು ನಂಬಿದೆ ತಂಗೀ. ಕಿರುಬೆರಳು ನಂಬಲಿಲ್ಲ."
ಅದನ್ನು ಮೇಜಿನ ಮೇಲಿಟ್ಟು ತೋರಿಸಿದರು,
ಅರ್ಧ ಮಡಿಚಿ ಹಾಗೇ ಉಳಿದದ್ದು.
ವಾತ ಎನ್ನುತ್ತಾರಂತೆ ಡಾಕ್ಟರು.

ಮತ್ತೆ ಸ್ವಲ್ಪ ಹೊತ್ತು ಸುಮ್ಮನಿದ್ದರು.
ಸರ್ವರ್ ಬಂತು, ಹೋಯಿತು.

ಜನವರಿಯಲ್ಲಿ ರಜೆ. ಕುಂಬಳೆ ಸ್ಟೇಷನ್ನಿನೆದುರು ಹೋಟೆಲು,
ಬನ್ಸು ಕಟ್ಟಿಕೊಟ್ಟ ಹಳೇ ಪೇಪರಿನಲ್ಲಿ
ತಾನು ಹಬೆ ಕಳಿಸಿದ ಬಂದರಿನ ಚಿತ್ರ.
ದೊಡ್ಡ ಹಡಗೊಂದು ವಾಲಿತ್ತು. ಅದು ಸರಿ, ಯುದ್ಧ.
ಅದರ ಬದಿಗೆ, ಎಣ್ಣೆ ಹೀರಿದ ಮೂಲೆಯಲ್ಲಿ,
ಸಣ್ಣದೊಂದು ದೋಣಿ ಮಗುಚಿ ಬಿದ್ದಿತ್ತು.
ತಳಕ್ಕೆ ಹೊಸದಾಗಿ ತಾರು ಬಳಿದಿದ್ದರು.
ಒಳಗೆ ಬಲೆ ಇತ್ತೋ ಏನೋ, ಚಿತ್ರದಲ್ಲಿ ಕಾಣುವುದಿಲ್ಲ.

ಬನ್ಸು ತಿಂದರಂತೆ. ಹಸಿವೆಯಾಗಿತ್ತು.
ಪೇಪರನ್ನು ನಾಲ್ಕಾಗಿ ಮಡಿಚಿ ಕಿಸೆಗೆ ಹಾಕಿದರಂತೆ.
ಮನೆಯಲ್ಲಿ ಎಲ್ಲರಿಗೂ ಎಲ್ಲ ಹೇಳಿದರು,
ಅದನ್ನು ಅಪ್ಪೆಗೆ ತೋರಿಸಲಿಲ್ಲ.
"ಯಾಕಣ್ಣಾ?"
"ಎಣಿಸಿಬಿಡುತ್ತಿದ್ದಳು."

ಕಪಾಟಿನಿಂದ ಕಣ್ಣಿನ ಯಂತ್ರ ಇಳಿಸಿದೆ.
ರೆಪ್ಪೆ ಬಡಿಯಬೇಡಿ ಎಂದೆ. ಬಡಿಯಲಿಲ್ಲ.
ಯುದ್ಧ ನೋಡದ ಆ ಕಣ್ಣುಗಳನ್ನು
ಯಂತ್ರ ಒಂದೇ ಸಲಕ್ಕೆ ನಂಬಿತು. ಹಸಿರು.

ಮೂವತ್ತು ರೂಪಾಯಿ ಎಂದೆ.
ಹತ್ತರ ಮೂರು ನೋಟು ಎಣಿಸಿ ಕೊಟ್ಟರು.
ಬಾಗಿಲ ತನಕ ಹೋಗಿ, ಕೊಡೆ ತೆಗೆದುಕೊಂಡು,
ತಿರುಗಿ ಬಂದು, ಮೇಜಿನ ಮೇಲಿದ್ದ ಅವನ್ನೇ
ಮತ್ತೊಮ್ಮೆ ಎಣಿಸಿದರು.