ಸಕ್ಕರಿ ನಿದ್ದಿ

ಸೊಲ್ಲಾಪುರ, ಅಶೋಕ ಚೌಕದ ಹಿಂದ ನಮ್ಮ ಪತ್ರಾಸಿನ ಮನಿ.
ಗ್ವಾಡಿ ಆಚೆ ನಾಕು ಪವರ್‌ಲೂಮು,
ಹಗಲೂ ರಾತ್ರಿ ಖಟಾಖಟ್.
ಬೀಗರು ಬಂದ್ರ ಮಗ್ಗಲಾ ಹೊಳ್ಳಿಸಿ ಹೊಳ್ಳಿಸಿ ಬೆಳಗು ಮಾಡ್ತಾರ.
ನಮಗ ಅದ ಜೋಗುಳ.
ಕರೆಂಟು ಹೋಗಿ ಮಗ್ಗ ನಿಂತಾಗ ಮಾತ್ರ
ಇಡೀ ಓಣಿ ದಡಕ್ಕನ ಎದ್ದು ಕೂಡತೈತಿ.

ನನ್ನ ಗಂಡಂದೂ ಹಂಗ.
ಗೊರಕಿ ಹೊಡಿಯೂತನಾ ನನಗ ಚಿಂತಿಲ್ಲ.
ಗೊರಕಿ ನಿಂತಿತಂದ್ರ ಕಣ್ಣು ತಗೀತೀನಿ.
ಎಳಿ ಹರದ ಮಗ್ಗದಂಗ ಎದಿ ನಿಂತಿರತೈತಿ.
ಎಣಸ್ತೀನಿ.
ಕಂಡಿಕಿ ಸುತ್ತೋ ಕೈಗೆ ಎಣಿಸೂದು ಬಿಟ್ಟು ಬ್ಯಾರೆ ಏನ ಬರತೈತಿ?
ಹನ್ನೆರಡು. ಹದಿನೇಳು. ಒಮ್ಮೊಮ್ಮೆ ಇಪ್ಪತ್ತಾರು.
ಆಮ್ಯಾಲ ಬಾವಿ ನೀರಾಗಿಂದ ತಲಿ ಎತ್ತಿದವರಂಗ
ಹ್ಹಾ ಅಂತ ಒಂದು ಉಸುರು ಎಳಕೊಂಡು
ಮತ್ತ ಸುರು ಮಾಡ್ತಾನ.

ಮುಂಜಾನೆ ಕೇಳಿದ್ರ "ಚಲೋ ನಿದ್ದಿ ಆತು" ಅಂತಾನ.
ಹನ್ನೊಂದಕ್ಕ ಲಾಳಿ ಕೈಯಾಗ ಹಿಡಕೊಂಡು
ನಿಂತಲ್ಲೇ ತೂಕಡಸ್ತಾನ.
ಮಾಲಕ ಬೈತಾನ, ಮಂದಿ ನಗತಾರ.

ಸಕ್ಕರಿ ಬ್ಯಾನಿ ಎಂಟು ವರ್ಷದ್ದು.
ಚಾದಾಗಿಂದು ಬಿಡಿಸಿದೆ, ಅನ್ನ ಬಿಡಿಸಿದೆ,
ಶೇಂಗಾ ಹೋಳಿಗಿ ಮುಚ್ಚಿಟ್ಟೆ, ಹಾಗಲಕಾಯಿ ಅರದು ಕುಡಿಸಿದೆ.
ಕಾಗದದ ಮ್ಯಾಲಿನ ಅಂಕಿ ಇಳೀಲಿಲ್ಲ.
"ಕದ್ದು ತಿಂತೀಯೇನು?" ಅಂತ ಒಂದಿನ ಕೇಳೇಬಿಟ್ಟೆ.
ಅವತ್ತು ಊಟಾ ಬಿಟ್ಟು ಎದ್ದ.

ದವಾಖಾನಿಗೆ ಹೊಸಾ ಡಾಕ್ಟರಬಾಯಿ ಬಂದಿದ್ದಳು, ಎಳೇ ಹುಡುಗಿ.
"ಝೋಪ್ ಕಶಿ ಆಹೆ?" ಅಂದಳು.
ನನ್ನ ಕಿವಿಗೆ ಅದು ಜೋಂಪು ಅಂತ ಬಿತ್ತು.
"ಹೂಂ ಬಾಯಿ, ಅವಗ ಬರೇ ಜೋಂಪ ಐತಿ, ನಿದ್ದಿಲ್ಲ" ಅಂದೆ.
ಎಂಟು ವರ್ಷ ಎಲ್ಲಾರೂ ಕೇಳಿದ್ದು ತಿನ್ನೂದರ ಮಾತು,
ಹೊತ್ತು ಮುಣಗಿದ ಮ್ಯಾಲಿಂದು ಯಾರೂ ಕೇಳಿದ್ದಿಲ್ಲ.
ಹನ್ನೆರಡು, ಹದಿನೇಳು, ಇಪ್ಪತ್ತಾರು
ಅಂತ ನಾ ಹೇಳೂದಕ್ಕ
ಆಕಿ ಪೆನ್ನು ಕೆಳಗಿಟ್ಟಳು.

ನಿದ್ಯಾಗ ಉಸುರು ಕಟ್ಟಿದಾಗೊಮ್ಮೆ
ಮೈ ಅಂಜತೈತಂತ.
ಓಡಬೇಕಾದೀತು ಅಂತ
ರಗತಕ್ಕ ಸಕ್ಕರಿ ಬುತ್ತಿ ಕಟ್ಟಿ ಕೊಡತೈತಂತ.
ಮಲಗಿದವ ಎಲ್ಲಿ ಓಡ್ಯಾನು?
ಬುತ್ತಿ ಬಿಚ್ಚದ ಹಂಗ ಉಳಿತೈತಿ.

ಮೂಗಿಗೆ ಕಟ್ಟೂ ಮಷೀನ ಐತಿ ಅಂದಳು.
ರೇಟು ಕೇಳಿ ಇಬ್ಬರೂ ಗ್ವಾಡಿ ಮ್ಯಾಲಿನ ಕ್ಯಾಲೆಂಡರ ನೋಡಿದಿವಿ.

ಏಳಬೇಕು ಅನ್ನೂದ್ರಾಗ ನನ್ನ ಕಡೆ ತಿರುಗಿ
"ನೀವು ಯಾವಾಗ ಮಲಗ್ತೀರಿ, ಆಯಿ?"
ನನಗ ಉತ್ತರ ಹೊಳೀಲಿಲ್ಲ.
ಬಟ್ಟು ಹಿಡದು ಸೂಜಿ ಚುಚ್ಚಿದಳು.
ನೂಲಿಗೆ ತಿಕ್ಕಿ ತಿಕ್ಕಿ ದಡ್ಡುಗಟ್ಟಿದ ಬಟ್ಟು,
ಎರಡನೇ ಸಲಕ್ಕ ಹನಿ ಬಂತು.
ಎರಡನೂರಾ ಹದಿನಾಕು.
"ಆಕಿ ಸಿಹಿ ಮುಟ್ಟೂದs ಇಲ್ರೀ" ಅಂದ ಇವ,
ಕಳುವಿನ ಮಾಲು ನನ್ನ ಉಡ್ಯಾಗ ಸಿಕ್ಕಂಗ ಗಾಬರಿಯಾಗಿ.

ಬೆಳಗು ಹರಿಯೂ ಮೊದಲಿನ ನಿದ್ದಿಗೆ
ಈ ಊರಾಗ ಸಾಖರ್‌ಝೋಪ್ ಅಂತಾರ.
ನಮ್ಮವ್ವನೂ ಅಂತಿದ್ದಳು:
ಸಕ್ಕರಿ ನಿದ್ಯಾಗಿದ್ದ ಕೂಸಿನ್ನ ಎಬ್ಬಸಬಾರದು.
ಯಾರ ಹೆಸರಿಟ್ಟರೋ,
ನಿದ್ದಿದೊಂದು ಸಕ್ಕರಿ ನಮಗ ಹತ್ತಲಿಲ್ಲ ನೋಡು.

ಸಂಜಿಗೆ ಹಾಳು ನೂಲೆಲ್ಲಾ ಸುತ್ತಿ ಉಂಡಿ ಮಾಡಿ
ಅವನ ಬನಿಯನ್ನಿನ ಬೆನ್ನಿಗೆ ಹೊಲದೆ,
ಅಂಗಾತ ಮಲಗಬಾರದಂತ. ಅದೂ ಆಕಿ ಹೇಳಿದ್ದ.
"ಒಂಟಿ ಮಾಡೀದಿ ನನ್ನ" ಅಂತ ಬೈಕೋತ ಮಗ್ಗಲಾಗಿ ಮಲಗಿದ.

ಗ್ವಾಡಿ ಆಚೆ ಖಟಾಖಟ್.
ಒಮ್ಮೆ ನಿಂತ, ಐದಕ್ಕ ಉಸುರು ಬಂತು.
ಮತ್ತ ನಿಂತ. ಎಣಿಸಿದೆ:
ಆರು, ಏಳು, ಎಂಟು,
ಒಂಬತ್ತರ ಮ್ಯಾಲ ಏನಾತೋ
ನನಗ ನೆಪ್ಪಿಲ್ಲ.