ಅಮಾನ್ಯ ದಿನಾಂಕ

ಗುರುವಾರ ಮಧ್ಯಾಹ್ನ, ಫೇರಾ ಪಟ್ಟಣದ ಗ್ರಂಥಾಲಯದಲ್ಲಿ,
ನಕಾಶೆ ಕಪಾಟಿನ ಹಿಂದೆ, ನನ್ನದೊಂದು ಮೇಜು.
ಕೆಲಸ ಕಳಕೊಂಡವರ ರೆಸ್ಯೂಮೆ ತಿದ್ದಿಕೊಡುತ್ತೇನೆ:
ಇಪ್ಪತ್ತು ವರ್ಷವನ್ನು ಒಂದು ಪುಟಕ್ಕೆ ಮಡಚಿ,
ಫೋಟೊ ಕಿತ್ತು, ಕಾಗುಣಿತ ನೋಡಿ,
ಮುಂದಿನವರು ಬನ್ನಿ ಎನ್ನುತ್ತೇನೆ.

ದಿಯೊಲಿಂದಾ ರೆಸೆಂದ್ ತಂದ ಹಾಳೆಯಲ್ಲಿ
‘ಶ್ರಮಜೀವಿ. ಎಲ್ಲರೊಡನೆ ಬೆರೆಯುವ ಗುಣ. ಸೂಕ್ಷ್ಮ ಗಮನ.’
ಆ ದಿನ ಅವಳಿಗಿಂತ ಮುಂಚೆ ಬಂದ ಆರು ಮಂದಿಯೂ
ಇದೇ ಮೂರು ಗುಣಗಳ ಅವಳಿಜವಳಿ.
ಸಾಫ್ಟ್‌ವೇರ್ ಪರೀಕ್ಷಕರ ಹುದ್ದೆಗೆ, ಅಂದಳು, ಪೋರ್ತೊದಲ್ಲಿ.
‘ಗಮನ’ದಲ್ಲೇ ಒಂದಕ್ಷರ ಕಾಣೆಯಾಗಿದೆಯಲ್ಲಾ, ಅಂದೆ.
‘ಬೇಕಂತಲೇ ಬಿಟ್ಟದ್ದು. ನಿಮ್ಮ ಕಣ್ಣು ಹೇಗಿದೆ ಅಂತ.’

ಬಿರಡೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ
ಓಡುವ ಪಟ್ಟಿಯ ಪಕ್ಕ ಕೂತು
ಬಿರುಕಿದ್ದು, ತೂತಿದ್ದು, ಹುಳ ಕೊರೆದದ್ದು
ಎಡಗೈಗೆ; ಉಳಿದದ್ದು ಮುಂದಕ್ಕೆ.
ಪಕ್ಕದವಳ ಮೊಮ್ಮಗುವಿಗೆ ಹಲ್ಲು ಬಂದ ಸುದ್ದಿ ಕೇಳುತ್ತ
ಕೈ ತನ್ನ ಪಾಡಿಗೆ ತಾನು.
ಆಮೇಲೆ ಕ್ಯಾಮೆರಾ ಬಂತು. ಅದಕ್ಕೆ ನೆಗಡಿಯಾಗುವುದಿಲ್ಲ.
ಸಂಜೆ ಶಾಲೆಯಲ್ಲಿ ಒಂಬತ್ತು ತಿಂಗಳು, ಅರ್ಧ ವಯಸ್ಸಿನವರ ನಡುವೆ.
ಪ್ರೋಗ್ರಾಮಿನ ತಪ್ಪಿಗೂ ಹುಳ ಅಂತಾರೆಂದು ಕೇಳಿ
ತರಗತಿಯಲ್ಲಿ ಒಬ್ಬಳೇ ನಕ್ಕಳಂತೆ.
‘ನನಗೇನು ಹುಳ ಹೊಸದಾ?’

ಈ ಗುಣಗಾನವನ್ನೆಲ್ಲ ಹೊಡೆದುಹಾಕಿ, ಅಂದೆ.
ಏನು ಹಿಡಿದಿರಿ, ಹೇಗೆ ಹಿಡಿದಿರಿ,
ಹಿಡಿದ ಮೇಲೆ ಏನಾಯಿತು, ಅಷ್ಟು ಬರೆಯಿರಿ.

ತುಂಬ ಹೊತ್ತು ಪೆನ್ನಿನ ಮುಚ್ಚಳ ತಿರುಗಿಸಿದಳು.
ಒಂದು ಮೂಟೆಯಿಂದ ವಾಸನೆ ಬಂದಿತ್ತಂತೆ,
ನೆನೆದು ಒಣಗಿದ ಹಳೇ ಪತ್ರಿಕೆಯ ವಾಸನೆ.
ಅನ್ಸೆಲ್ಮು ಮೇಸ್ತ್ರಿ ಮೂಸಿ, ಏನಿಲ್ಲ ನಡೀಲಿ, ಅಂದ.
ನಲವತ್ತು ಸಾವಿರ ಬಿರಡೆ, ನಡೆದವು.
ಚಳಿ ಶುರುವಾಗುವ ಹೊತ್ತಿಗೆ
ವೈನಿನ ಬಾಟಲಿಗಳು ಲಾರಿಗಟ್ಟಲೆ ವಾಪಸು ಬಂದವು.
‘ಒಂದು ಸಲ ಹೇಳಿದ್ದೆ. ಎರಡನೇ ಸಲ ಹೇಳಲಿಲ್ಲ.
ಇದನ್ನ ಬರೀಲಾ?’

ಇಂಥ ಪ್ರಶ್ನೆಗೆ ನನ್ನ ಕೈಪಿಡಿಯಲ್ಲಿ ಉತ್ತರವಿಲ್ಲ.
ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ;
ಕನ್ನಡಕ ಒರೆಸಿಕೊಂಡೆ.
ಬರೆದಳು. ಎರಡೂ ವಾಕ್ಯ.

ಇನ್ನು ಕಂಪನಿಯ ಫಾರ್ಮು ತುಂಬುವುದಷ್ಟೆ.
ಹುಟ್ಟಿದ ದಿನ: ಫೆಬ್ರವರಿ ಇಪ್ಪತ್ತೊಂಬತ್ತು, ಎಪ್ಪತ್ತಾರು.
ಕೆಂಪಕ್ಷರ ಎದ್ದಿತು: ಅಮಾನ್ಯ ದಿನಾಂಕ.
ಇಪ್ಪತ್ತೆಂಟು ಹಾಕಿ ಮುಗಿಸೋಣ, ಅಂದೆ, ಒಂದು ದಿನ ತಾನೆ.
ಆಗ ನನ್ನನ್ನು ನೋಡಿದಳಲ್ಲ, ಆ ನೋಟ
ಮೇಸ್ತ್ರಿಗೂ ಸಿಗಬೇಕಿತ್ತು.

ಕೀಲಿಮಣೆ ತನ್ನತ್ತ ಎಳೆದುಕೊಂಡಳು.

‘ಮಾಡಿದ್ದು: ನನ್ನ ಹುಟ್ಟಿದ ದಿನ ತುಂಬಿದೆ.
ಆಗಬೇಕಾದದ್ದು: ನಾನು ಹುಟ್ಟಿರಬೇಕು.
ಆದದ್ದು: ನಾನು ಹುಟ್ಟಿಲ್ಲ.
ಇಪ್ಪತ್ತೆಂಟಕ್ಕೆ ಹುಟ್ಟಬಹುದು, ಮಾರ್ಚ್ ಒಂದಕ್ಕೂ ಹುಟ್ಟಬಹುದು.
ಎಂಬತ್ತರಲ್ಲೂ ಹೀಗೇ, ಎಂಬತ್ತನಾಲ್ಕರಲ್ಲೂ ಹೀಗೇ.
ಹತ್ತು ಸಲ ನೋಡಿದೆ, ಹತ್ತು ಸಲವೂ ಹೀಗೇ.
ತೊಂದರೆಯಾಗುವವರು: ಕಮ್ಮಿ ಜನ. ಅವರಲ್ಲಿ ನಾನೊಬ್ಬಳು.’

ಫಾರ್ಮು ಜಗ್ಗಲಿಲ್ಲ. ಕಂಪನಿಯ ಇಮೇಲು ಹುಡುಕಿ
ರೆಸ್ಯೂಮೆ ಜೊತೆಗಿಟ್ಟು ಇದನ್ನೇ ಕಳಿಸಿದಳು.
ಕೋಟು ಹಾಕಿಕೊಂಡು ಬಾಗಿಲವರೆಗೂ ಹೋದವಳು
ತಿರುಗಿ ಬಂದು, ನಿಂತುಕೊಂಡೇ,
ಇನ್ನೊಂದು ಸಲ ಕಳಿಸಿದಳು.

ಉತ್ತರ ಬಂತೋ ಇಲ್ಲವೋ. ಬಂದರೂ
ಓಡಿಬಂದು ಹೇಳುವ ಪೈಕಿ ಅಲ್ಲ ಅವಳು.
ಮೇಜಿನ ಮೇಲೊಂದು ಬಿರಡೆ ಬಿಟ್ಟುಹೋಗಿದ್ದಾಳೆ.
ಇದರಲ್ಲೇನೋ ಇದೆ, ಹುಡುಕಿ, ಅಂದಿದ್ದಳು.
ಮೂರು ಗುರುವಾರದಿಂದ ತಿರುಗಿಸಿ ತಿರುಗಿಸಿ ನೋಡುತ್ತಿದ್ದೇನೆ.
ಯಾರೂ ಇಲ್ಲದಾಗ
ಮೂಸಿಯೂ ನೋಡಿದೆ.