ಗಾಜು ಒರೆಸಿದವನು

ವಾಲಿಬಾಲ್ ಟೂರ್ನಮೆಂಟಿಗೆ ಗೆರೆ ಹಾಕುತ್ತಿದ್ದವನು ನಾನು,
ಹೈಸ್ಕೂಲು ಮೈದಾನದಲ್ಲಿ ಹುರಿಹಗ್ಗ ಎಳೆದು
ಒಂದು ಬೆರಳೂ ಆಚೀಚೆ ಆಗದ ಹಾಗೆ.
ಆ ಬೇಸಿಗೆ ಅದೇ ಸುಣ್ಣದ ಡಬ್ಬಿ ಹಿಡಿದು
ಆಸ್ಪತ್ರೆಯ ಅಂಗಳಕ್ಕಿಳಿದೆ.
ಮೂವತ್ತೊಂದು ಸುತ್ತು. ನಡುನಡುವೆ ಆರಡಿ.
ಗೇಟಿನಿಂದ ಹಲಸಿನ ಬುಡದವರೆಗೆ ಸೊಟ್ಟ ಸಾಲು,
ಯಾಕಂದರೆ ನೆರಳು ಹಗ್ಗ ಹಿಡಿದು ಬೀಳುವುದಿಲ್ಲ.

ಹನ್ನೊಂದಕ್ಕೆ ನೆರಳು ಸರಿಯಿತು.
ಜನ ಅದರ ಹಿಂದೆಯೇ ಸರಿದರು, ಸುತ್ತು ಬಿಟ್ಟು,
ಹೆಗಲಿಗೆ ಹೆಗಲು.
ಬೈದೆ. ಕೋಲು ಕುಟ್ಟಿದೆ.
ಮರುದಿನ ಬೆಳಗ್ಗೆ ಇನ್ನೊಂದು ಸಾಲು ಬರೆದೆ,
ಹನ್ನೊಂದರ ನಂತರದ್ದು.
ಡಾಕ್ಟರ್ ನುಸ್ರತ್ ಕಿಟಕಿಯಿಂದ ಹೆಬ್ಬೆಟ್ಟು ಎತ್ತಿದರು,
ಅದಕ್ಕೂ ಎರಡು ಪದರ ಕೈಗವಸು.

ಜ್ವರ ಕಂಡಿರದ ಊರೇನಲ್ಲ ನಮ್ಮದು.
ಮಂಗ ಸತ್ತು ಬಿದ್ದರೆ ಫೋನು ಮಾಡುವವರು,
ಸೊಪ್ಪಿಗೆ ಹೊರಟರೆ ಕಾಲಿಗೆ ಎಣ್ಣೆ ಸವರುವವರು,
ಮಕ್ಕಳ ಕಿವಿ ಹಿಂದೆ ಉಣುಗು ಹುಡುಕುವವರು.
ಅದನ್ನಾದರೂ ಚಿವುಟಿ ಕೀಳಬಹುದಿತ್ತು.
ಇದು ಮಾತಿನ ಜೊತೆ ಬರುತ್ತದಂತೆ.
ಸರಿ, ಬಾಯಿ ಕಟ್ಟಿಕೊಂಡೆವು.

ಇಪ್ಪತ್ತೆರಡನೇ ಸುತ್ತಿನಲ್ಲಿ ಗುತ್ಯಮ್ಮ,
ಪ್ರೆಶರಿನ ಗುಳಿಗೆಗೆ ಬಂದವಳು.
ಒಂಬತ್ತನೇ ವಯಸ್ಸಿಗೆ ಕಿವಿ ಹೋಯಿತು,
ಅಲ್ಲಿಂದೀಚೆಗೆ ಲೋಕವನ್ನು ತುಟಿಯಲ್ಲೇ ಕೇಳಿದವಳು.
ಮೀನಿನವನ ಸುಳ್ಳನ್ನು ಅವನು ಹೇಳುವ ಮೊದಲೇ ಹಿಡಿಯುತ್ತಿದ್ದಳು.
ಈಗ ಊರಿಗೆ ಊರೇ ಬಟ್ಟೆ.
ಹೋದ ವಾರ ಸಿಸ್ಟರ್ ಎರಡು ಬೆರಳು ತೋರಿಸಿದ್ದರು.
ಎರಡೂ ಒಟ್ಟಿಗೆ ನುಂಗಿದಳು,
ಬಚ್ಚಲಲ್ಲಿ ಬಿದ್ದಳು.
ಹುಬ್ಬಿನ ಮೇಲೆ ನಾಲ್ಕು ಹೊಲಿಗೆ.

ಚೀಟಿ ಬರೆದು ಕೊಟ್ಟರೆ ಓದು ಬಾರದು.
ಮಾಸ್ಕ್ ಇಳಿಸಿದರೆ ನಾನೇ ಬಿಡುವುದಿಲ್ಲ.
ಸಿಸ್ಟರ್ ಜೆಸಿಂತಾ ತುಸು ಹೊತ್ತು ಸುಮ್ಮನೆ ನಿಂತು,
"ಕೆರಿಯಪ್ಪ, ಔಷಧಿ ಕೋಣೆಯ ಕಿಟಕಿ ಮುಚ್ಚು" ಅಂದರು.

ಮುಚ್ಚಿದೆ. ಸಂದಿಗೆ ಹತ್ತಿ ತುರುಕಿದೆ.
ಪೋಲಿಯೋ ಹನಿಯ ಹಳೇ ಚೀಟಿ ಉಗುರಿನಲ್ಲಿ ಕೆರೆದೆ,
ನುಸಿ ಕೂತ ಗಾಜನ್ನು ಸ್ಪಿರಿಟು ಹಾಕಿ
ಪೇಪರಿನಲ್ಲಿ ತಿಕ್ಕಿ ತಿಕ್ಕಿ
ನನ್ನ ಮುಖವೇ ಅಡ್ಡ ಬರುವಷ್ಟು ಒರೆಸಿದೆ.
ಒಳಗೆ ಅವರೊಬ್ಬರೇ. ಬಾಗಿಲು ಭದ್ರ.
ಶೀಲ್ಡು ತೆಗೆದರು. ಒಂದು ಮಾಸ್ಕು. ಇನ್ನೊಂದು.

ದಸರಾ ಕಳೆದ ಮೇಲೆ ವರ್ಗವಾಗಿ ಬಂದವರು,
ಏಳು ತಿಂಗಳು ಜೊತೆಗೆ ದುಡಿದಿದ್ದೇನೆ.
ಬಾಯಿ ನೋಡಿದ್ದು ಅವತ್ತೇ.
ಮುಂದಿನ ಹಲ್ಲಿನ ತುದಿ ಚೂರು ಮುರಿದಿದೆ.
ಮೂಗಿನ ಮೇಲೆ ನೇಗಿಲು ಎಳೆದ ಹಾಗೆ ಕೆಂಪು.

ಗುತ್ಯಮ್ಮ ಗಾಜಿನೆದುರು ಬಾಗಿದಳು.
ಒಳಗೆ ತುಟಿ ನಿಧಾನ ಆಡಿತು.
ಹೊರಗೆ ಅವಳ ಚಪ್ಪಟೆ ದನಿ, ಅಂಗಳ ತುಂಬ:
"ಬೆಳಿಗ್ಗೆ ಒಂದು. ತಿಂಡಿ ತಿಂದು.
ರಾತ್ರಿ ಒಂದು.
ಒಟ್ಟಿಗಲ್ಲ."
ಹತ್ತೊಂಬತ್ತನೇ ಸುತ್ತಿನವನು, ಯಾಕೋ,
"ಒಟ್ಟಿಗಲ್ಲ" ಅಂದ.
ಯಾರೂ ನಗಲಿಲ್ಲ. ಆಮೇಲೆ ಎಲ್ಲರೂ ನಕ್ಕರು, ಅವರವರ ಸುತ್ತಿನಲ್ಲೇ.

"ಹಲ್ಲಿಗೆ ಏನಾಯ್ತೇ ಮಾರಾಯ್ತಿ?"
ಸಿಸ್ಟರ್ ನಕ್ಕ ಉಸಿರಿಗೆ ಗಾಜು ಮಂಜಾಯಿತು,
ಉತ್ತರ ಅದರ ಹಿಂದೆ ಉಳಿಯಿತು.

ಆ ಎರಡು ತಿಂಗಳಲ್ಲಿ ಮೆಗ್ಗಾನಿಗೆ ಕಳಿಸಿದ್ದು ಒಂಬತ್ತು ಜನ.
ಮರಳಿದ್ದು ಆರು.
ಅವರಲ್ಲಿ ಯಾರಿಗೂ ನಮ್ಮ ಸಾಲಿನಲ್ಲಿ ಹತ್ತಿದ್ದಲ್ಲ ಎಂದು
ಡಾಕ್ಟರು ಹೇಳಿದರು.
ನಂಬಿದೆ. ಆದರೂ ಸುಣ್ಣ ದಪ್ಪ ಹಾಕಿದೆ.

ಗುರುವಾರ ಗಾಜಿನ ದಿನವಾಯಿತು.
ಕಿವಿ ಮಂದವಾದ ಇನ್ನಿಬ್ಬರು ಬಂದರು.
ಅವರ ಹಿಂದೆ ಗಣಪತಿ ಶೇಟ್, ತಿಂಗಳ ಹಿಂದೆ
ಹೆಂಡತಿಯನ್ನು ಚೀಲದಲ್ಲಿ ನೋಡಿ ಬಂದವರು.
"ನಂಗೂ ಸ್ವಲ್ಪ ಕೇಳುದಿಲ್ಲ" ಅಂದರು.

ಅವರ ಕಿವಿ ನೆಟ್ಟಗಿತ್ತು, ನನಗೆ ಗೊತ್ತು.
ಆರಡಿ ಅಳೆದು
ನಾಲ್ಕನೇ ಸುತ್ತಿನಲ್ಲಿ ನಿಲ್ಲಿಸಿದೆ,
ಮತ್ತೊಮ್ಮೆ ಗಾಜು ಒರೆಸಿದೆ.